ಎಂಬತ್ತನೆಯ ಮನೆ

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಸದ್ದು ಗೋಡೆ ದಾಟಿ ಸಣ್ಣಗೆ ಕೇಳಿಬರುವಷ್ಟು ದೂರದಲ್ಲಿ, ಒಂದು ಮೇಜು ಮತ್ತು ಒಂದು ಕುರ್ಚಿ ಹಿಡಿಸಿದರೆ ಮೂರನೆಯದಕ್ಕೆ ಜಾಗವಿಲ್ಲದಂಥ ಕೋಣೆಯಿತ್ತು. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂರುತ್ತಿದ್ದವಳನ್ನು ಅಂಗಡಿಯವರೆಲ್ಲ ಎಂಟ್ರಿ ಅಕ್ಕ ಎನ್ನುತ್ತಿದ್ದರು. ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿಯ ನಂಬರುಗಳನ್ನು ಕಂಪ್ಯೂಟರಿಗೆ ಹೊಡೆಯುವುದು ಅವಳ ಕೆಲಸ. ಅವಳು ಹೊಡೆದದ್ದು ಒಂದು ಹಾಳೆಯಾಗಿ ಅಚ್ಚಾಗುತ್ತದೆ. ಆ ಹಾಳೆ ನೋಡಿಕೊಂಡು ಯಂತ್ರದವರು ಲೆನ್ಸ್ ಉಜ್ಜುತ್ತಾರೆ. ಅದೇ ಹಾಳೆ ಹಿಡಿದುಕೊಂಡು ಮೀಟರಣ್ಣ ಎಂಬಾತ ಸಿದ್ಧವಾದ ಲೆನ್ಸನ್ನು ಅಳತೆಯ ಮೀಟರಿನಲ್ಲಿಟ್ಟು ಪಾಸು ಮಾಡುತ್ತಾನೆ. ಅಂದರೆ ಡಾಕ್ಟರ ಚೀಟಿಯನ್ನು ಕಣ್ಣಾರೆ ನೋಡುವವಳು ಇಡೀ ಅಂಗಡಿಯಲ್ಲಿ ಇವಳೊಬ್ಬಳೇ. ಅದರ ಭಾರ ಅವಳಿಗೆ ಗೊತ್ತಿತ್ತು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಇಪ್ಪತ್ತೆರಡು ವರ್ಷ ತಪ್ಪಿಲ್ಲದೆ ದುಡಿದವಳಿಗೆ ಅಷ್ಟು ಜಂಬವೂ ಬೇಡವೆಂದರೆ ಹೇಗೆ?

ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಡಾಕ್ಟರುಗಳ ಅಕ್ಷರವೆಂದರೆ ಗೊತ್ತೇ ಇದೆಯಲ್ಲ, ಏಳು ಯಾವುದು ಒಂದು ಯಾವುದು ಎಂದು ಅವರಿಗೇ ಮರುದಿನ ತಿಳಿಯುವುದಿಲ್ಲ. ಹಾಗಾಗಿ ಕಣ್ಣು ಪೂರ್ತಿ ಚೀಟಿಯ ಮೇಲೆ. ಎಡಗೈ ಬೆರಳು ಚೀಟಿಯ ಸಾಲಿನ ಕೆಳಗೆ, ಬಲಗೈ ಕೀಲಿಗಳ ಮೇಲೆ. ಬಲಗಣ್ಣಿನ ನಂಬರು ಮುಗಿಯುತ್ತಿದ್ದಂತೆ ಕಿರುಬೆರಳು ತಾನಾಗಿ ಎಂಟರ್ ಒತ್ತುತ್ತಿತ್ತು, ಕರ್ಸರ್ ಎಡಗಣ್ಣಿನ ಸಾಲಿಗೆ ಇಳಿಯುತ್ತಿತ್ತು. ಇಳಿಯಿತೋ ಇಲ್ಲವೋ ಎಂದು ಅವಳು ತಲೆಯೆತ್ತಿ ನೋಡಿದ್ದೇ ಇಲ್ಲ. ತುತ್ತು ಬಾಯಿಗೆ ಹೋಯಿತೇ ಎಂದು ಕನ್ನಡಿ ಹಿಡಿದು ನೋಡುವವರುಂಟೇ?

ಹೀಗಿರುವಾಗ ಅವಳ ಹಳೆಯ ಟರ್ಮಿನಲ್ಲು, ಕಪ್ಪು ಪರದೆ, ಹಸಿರು ಅಕ್ಷರ, ಬೆನ್ನು ಉಬ್ಬಿದ ದಪ್ಪ ಪೆಟ್ಟಿಗೆ, ಒಂದು ಬೆಳಗ್ಗೆ ಸಣ್ಣ ಸುಟ್ಟವಾಸನೆ ಬಿಟ್ಟು ಸುಮ್ಮನಾಯಿತು. ಕಂಪನಿಯ ಹುಡುಗ ಬಂದು ತೆಳ್ಳಗಿನ ಹೊಸ ಪರದೆ ಇಟ್ಟ. "ಒಳಗಿರೋದು ಅದೇ ಹಳೇ ಪ್ರೋಗ್ರಾಮು, ಮೇಲಿನ ಮುಖ ಮಾತ್ರ ಹೊಸದು" ಎಂದ. ಒಂದು ಸುಳ್ಳು ಚೀಟಿಯ ನಂಬರು ಹೊಡೆದು ತೋರಿಸಿದ, ಎಲ್ಲ ಸರಿಯಾಗಿ ಅಚ್ಚಾಯಿತು, ಸಹಿ ಹಾಕಿಸಿಕೊಂಡು ಹೋದ.

ಅದಾದ ಎಂಟು ಕೆಲಸದ ದಿನಗಳಲ್ಲಿ ಆರು ಜೊತೆ ಕನ್ನಡಕ ವಾಪಸು ಬಂತು.

ಆರರದೂ ಒಂದೇ ಕಥೆ. ಎಡಗಣ್ಣಿಗೂ ಬಲಗಣ್ಣಿನ ನಂಬರೇ ಬಿದ್ದಿತ್ತು. ಇದು ಹೇಗಾಗುತ್ತದೆಂದು ಅಂಗಡಿಯವರಿಗೆ ವಿವರಿಸಬೇಕಾಗಿರಲಿಲ್ಲ. ಎರಡೂ ಕಣ್ಣಿಗೆ ನಂಬರು ಒಂದೇ ಆಗಿದ್ದರೆ ಡಾಕ್ಟರು ಎಡಗಣ್ಣಿನ ಜಾಗದಲ್ಲಿ ಬರೀ ಎರಡು ಚುಕ್ಕಿ ಇಟ್ಟು ಬಿಡುತ್ತಾರೆ. ಆಗ ಅಕ್ಕ ಎಡಗಣ್ಣಿನ ಸಾಲನ್ನು ಖಾಲಿ ಬಿಡುತ್ತಾಳೆ. ಸಾಲು ಖಾಲಿಯಿದ್ದರೆ ಎರಡಕ್ಕೂ ಒಂದೇ ಎಂದು ಪ್ರೋಗ್ರಾಮು ತಿಳಿದುಕೊಳ್ಳುತ್ತದೆ. ಆ ಅಂಗಡಿಯ ಪದ್ಧತಿ ಅದು, ಇಪ್ಪತ್ತೆರಡು ವರ್ಷದಿಂದ ನಡೆದುಬಂದದ್ದು. ಹಾಗಾದರೆ ಈ ಆರು ಚೀಟಿಗಳಲ್ಲಿ ಎಡಗಣ್ಣಿನ ನಂಬರು ಕಣ್ಣಿಗೆ ರಾಚುವ ಹಾಗಿದ್ದರೂ ಅಕ್ಕ ಆ ಸಾಲನ್ನು ಬಿಟ್ಟಿದ್ದಾಳೆ. ಬಿಟ್ಟದ್ದು ಅವಳಿಗೆ ಗೊತ್ತೂ ಆಗಿಲ್ಲ.

"ವಯಸ್ಸಾಯ್ತಲ್ಲ ಅಕ್ಕಾ, ನಮಗೂ ಆಗುತ್ತೆ" ಎಂದ ಮೀಟರಣ್ಣ, ಸಮಾಧಾನಕ್ಕೆಂದು. ಅವನ ತಲೆಗೆ ಒಂದು ಕೊಡ ನೀರು ಸುರಿಯಬೇಕೆನ್ನಿಸಿತು ಅವಳಿಗೆ.

ಶುಕ್ರವಾರ ಸಂಜೆ ಯಜಮಾನರು ಒಳಗೆ ಕರೆದರು. ಕೆಟ್ಟವರಲ್ಲ. ಬೈದಿದ್ದರೆ ಅವಳು ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಅವರು ಮೊದಲು ಕೂರಿಸಿದರು, ಕಾಫಿ ತರಿಸಿದರು. ಕಾಫಿ ಬಂದಾಗಲೇ ಅವಳಿಗೆ ಮಾತಿನ ದಿಕ್ಕು ತಿಳಿಯಿತು.

"ಪ್ಯಾಕಿಂಗ್ ಮೇಜು ಕಿಟಕಿ ಪಕ್ಕಾನೇ ಇದೆ. ಒಳ್ಳೇ ಗಾಳಿ ಬರುತ್ತೆ" ಎಂದರು ಯಜಮಾನರು.

"ಗಾಳಿ ನನಗೆ ಈಗ್ಲೂ ಬರ್ತಾ ಇದೆ" ಎಂದಳು ಅವಳು.

"ನೋಡಿ ಅಕ್ಕಾ, ಇದು ಕಣ್ಣಿನ ವಿಷಯ. ಸೋಮವಾರದಿಂದ ಎಂಟ್ರಿಗೆ ಬೇರೆಯವರನ್ನ ಕೂರಿಸ್ತೀನಿ. ನೀವು ಸ್ವಲ್ಪ ದಿನ ಆರಾಮಾಗಿರಿ."

ಅವಳು ಹೂಂ ಎಂದಳು. ಬೇರೇನು ಹೇಳುವುದು? ತಾನು ಹೊಡೆದಿದ್ದೇನೆ ಎಂದು ಕೈ ಹೇಳುತ್ತದೆ, ಇಲ್ಲ ಎಂದು ಹಾಳೆ ಹೇಳುತ್ತದೆ. ಕೈಯ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಬಸ್ಸಿನಲ್ಲಿ ಕೂತು ಅವಳು ತೊಡೆಯ ಮೇಲಿನ ಚೀಲದ ಮೇಲೆ ಬೆರಳಾಡಿಸಿ ನೋಡಿದಳು. ಬಲ, ಎಂಟರ್, ಎಡ, ಎಂಟರ್. ಸರಿಯಾಗಿಯೇ ಓಡಿತು. ಆದರೆ ಸಾಲು ಬಿಡುವವಳಿಗೆ ಬಿಟ್ಟದ್ದು ಗೊತ್ತಾಗುವುದಿದ್ದರೆ ಬಿಡುತ್ತಲೇ ಇರಲಿಲ್ಲವಲ್ಲ. ಅವಳ ತಾಯಿಗೆ ಇದೇ ವಯಸ್ಸಿನಲ್ಲಿ ಶುರುವಾಗಿತ್ತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಬೀದಿ, ಆಮೇಲೆ ಮಕ್ಕಳ ಮುಖ. ಪ್ಯಾಕಿಂಗ್ ಮೇಜಿಗೆ ಕಳಿಸಿದರೆ ಕಳಿಸಲಿ, ಡಬ್ಬಿಗೆ ಬಟ್ಟೆ ಮಡಿಸಿಡುವುದೇನು ಅವಮಾನವಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕಲ್ಲ. ತಾಯಿಯ ದಾರಿಯಲ್ಲಿ ಮೊದಲ ಹೆಜ್ಜೆ ಬಿದ್ದೇಬಿಟ್ಟಿತೇ ಎಂದು.

ಮನೆಯಲ್ಲಿ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮಗನಿಗೆ ಆ ವಾರ ಬೇರೆ ಊರಿನಲ್ಲಿ ಕೆಲಸ. ಉಳಿದವಳು ಸೊಸೆ. ಮದುವೆಯಾಗಿ ಎರಡು ವರ್ಷ, ನೀರು ಸರಬರಾಜಿನ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಅತ್ತೆ ಸೊಸೆಯರಲ್ಲಿ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ, ನೀವು ಮೊದಲು, ಇಲ್ಲ ನೀನು ಮೊದಲು ಎಂದು ಮರ್ಯಾದೆಯಲ್ಲೇ ದಿನ ದೂಡುತ್ತಿದ್ದರು.

ಶನಿವಾರ ರಾತ್ರಿ ಊಟವಾದ ಮೇಲೆ ಅಕ್ಕ ಒಲೆಯ ಗುಂಡಿಯನ್ನು ಮೂರನೆಯ ಸಲ ತಿರುಗಿಸಿ ನೋಡಿದಳು. ಬಾಗಿಲ ಚಿಲಕವನ್ನು ನಾಲ್ಕನೆಯ ಸಲ.

"ಅತ್ತೆ, ಏನಾಯ್ತು?" ಎಂದಳು ಸೊಸೆ.

"ಏನಿಲ್ಲ."

"ನಿನ್ನೆಯಿಂದ ಚಿಲಕಾನ ಎಷ್ಟು ಸಲ ನೋಡಿದ್ರಿ ಅಂತ ಎಣಿಸ್ತಾ ಇದೀನಿ. ಹೇಳಿ."

ಅಕ್ಕ ಹೇಳಿದಳು. ಹೇಳುವಾಗ ಪಾತ್ರೆ ಒರೆಸುವ ನೆಪ ಮಾಡಿಕೊಂಡಳು, ಮುಖ ತೋರಿಸಬೇಕಾಗಿ ಬರಬಾರದೆಂದು. ಸೊಸೆ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕಡೆಗೆ ಒಂದೇ ಪ್ರಶ್ನೆ.

"ಹೊಸ ಪರದೆ ಬರೋಕೆ ಮುಂಚೆ ಹೀಗೆ ಎಷ್ಟು ಸಲ ಆಗಿತ್ತು?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ವಯಸ್ಸು ಪರದೆ ಜೊತೆಗೇ ಡಬ್ಬದಲ್ಲಿ ಬಂತಾ? ನಾಳೆ ಹೋಗಿ ನೋಡೋಣ, ನಡೀರಿ."

ಭಾನುವಾರ ಅಂಗಡಿಗೆ ರಜೆ. ಹಿಂಬಾಗಿಲ ಬೀಗದ ಕೈ ಅಕ್ಕನ ಬಳಿಯೇ ಇತ್ತು. ಬೆಳಗಿನ ಬಿಸಿಲು ಕೋಣೆಯ ಅರ್ಧಕ್ಕೆ ಬಂದಿತ್ತು. ಯಂತ್ರಗಳು ಸುಮ್ಮನಿದ್ದುದರಿಂದ ಗೋಡೆಗಡಿಯಾರ ಕೂಡ ಕೇಳುತ್ತಿತ್ತು. ಸೊಸೆ ಪ್ಯಾಕಿಂಗ್ ಮೇಜಿನಿಂದ ಒಂದು ಸ್ಟೂಲು ತಂದು ಅತ್ತೆಯ ಹಿಂದೆ ಹೇಗೋ ತುರುಕಿಕೊಂಡು ಕೂತಳು.

"ಹೊಡೀರಿ ಅತ್ತೆ, ನಿಮ್ಮ ಪಾಡಿಗೆ ನೀವು."

ಅಕ್ಕ ಒಂದು ಚೀಟಿ ತೆಗೆದುಕೊಂಡಳು. ಬೆರಳು ಏಳಲಿಲ್ಲ. ಎದ್ದದ್ದು ಪಕ್ಕದ ಕೀಲಿಯ ಮೇಲೆ ಬಿತ್ತು. ಅಳಿಸಿದಳು, ಮತ್ತೆ ಹೊಡೆದಳು, ಪ್ರತಿಯೊಂದು ಅಂಕಿಗೂ ಪರದೆ ನೋಡಿದಳು. ನೋಡಿ ನೋಡಿ ಹೊಡೆದದ್ದರಿಂದ ಎಲ್ಲವೂ ಸರಿಯಾಗಿ ಸರಿಯಾದ ಸಾಲಿನಲ್ಲೇ ಕೂತಿತು.

"ನೀನು ಹೀಗೆ ಬೆನ್ನ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತ್ರೆ ನನ್ನ ಕೈ ಓಡಲ್ಲ ಕಣೇ" ಎಂದಳು ಅವಳು. ಎರಡು ವರ್ಷದಲ್ಲಿ ಮೊದಲ ಸಲ ಬಾಯಿಂದ 'ಕಣೇ' ಬಂದಿತ್ತು, ಇಬ್ಬರೂ ಅದನ್ನು ಕೇಳಿಸಿಕೊಂಡು ಕೇಳದವರಂತೆ ಇದ್ದರು.

ಸೊಸೆ ಸ್ವಲ್ಪ ಯೋಚಿಸಿದಳು. "ಸರಿ. ನಿಮ್ಮ ಮಗ ಒದ್ದೆ ಟವೆಲ್ ಎಲ್ಲಿ ಹಾಕ್ತಾರೆ?"

"ಎಲ್ಲಿ ಹಾಕ್ತಾನೆ ಅಂತ ನನ್ನ ಕೇಳ್ತೀಯಾ? ಕುರ್ಚಿ ಬೆನ್ನ ಮೇಲೆ. ಐದು ವರ್ಷದವನಿದ್ದಾಗಿಂದ ಹೇಳ್ತಾ ಇದೀನಿ."

"ನನಗೆ ಹೇಳ್ತಾರೆ, ಅಮ್ಮ ಯಾವತ್ತೂ ಏನೂ ಅಂದಿಲ್ಲ ಅಂತ."

ಇಷ್ಟು ಸಾಕಾಯಿತು. ಮಗನ ಒದ್ದೆ ಟವೆಲ್ಲು, ಮುಚ್ಚಳ ಹಾಕದ ಪೇಸ್ಟು, ಓದಿದ ಪೇಪರನ್ನು ಹರಡಿಬಿಡುವ ಚಟ, ಒಂದೊಂದಾಗಿ ಹೊರಬರತೊಡಗಿದವು. ಬೈಯುವ ಭರದಲ್ಲಿ ಅಕ್ಕನ ಕೈ ತನ್ನ ಪಾಡಿಗೆ ತಾನು ಓಡಿತು. ಕಣ್ಣು ಚೀಟಿಯ ಮೇಲೆ, ಬಾಯಿ ಮಗನ ಮೇಲೆ, ಬೆರಳು ಕೀಲಿಗಳ ಮೇಲೆ. ಸೊಸೆ ಹೂಂಗುಟ್ಟುತ್ತ ಕರ್ಸರನ್ನೇ ನೋಡುತ್ತಿದ್ದಳು. ಒಂದು ಚೀಟಿ ಸರಿ. ಎರಡು ಸರಿ. ಐದನೆಯದು ಹೊಡೆಯುವಾಗ ಅವಳು ಅತ್ತೆಯ ಭುಜ ಹಿಡಿದಳು.

"ಅಲ್ಲೇ ನಿಲ್ಸಿ. ಕೈ ಎತ್ಬೇಡಿ. ಈಗ ಪರದೆ ನೋಡಿ."

ಅಕ್ಕ ತಲೆಯೆತ್ತಿದಳು. ಪರದೆಯ ಮೇಲೆ ಮೂರು ಸಾಲು. ಮೊದಲನೆಯದು ಬಲಗಣ್ಣು, ಎರಡನೆಯದು ಎಡಗಣ್ಣು, ಮೂರನೆಯದು ಗಿರಾಕಿಯ ಹಳೆಯ ಕನ್ನಡಕದ ನಂಬರು, ಬೇಕೆನಿಸಿದರೆ ಬರೆದಿಡಲು. ಮೂರನೆಯ ಸಾಲು ಹಾಳೆಯಲ್ಲಿ ಅಚ್ಚಾಗುವುದಿಲ್ಲ, ಅದನ್ನು ಯಾರೂ ಓದುವುದೂ ಇಲ್ಲ. ಅವಳು ಬಲಗಣ್ಣು ಮುಗಿಸಿ ಎಂಟರ್ ಒತ್ತಿದ್ದಳು. ಕರ್ಸರ್ ಎಡಗಣ್ಣಿನ ಸಾಲನ್ನು ಹಾರಿ ಮೂರನೆಯದರಲ್ಲಿ ಕೂತಿತ್ತು.

"ನಾನು ಒಂದೇ ಸಲ ಒತ್ತಿದ್ದು" ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು.

"ನಾನೂ ನೋಡ್ದೆ. ಒಂದೇ ಸಲ ಒತ್ತಿದ್ರಿ."

ಹಿಂದಿನ ನಾಲ್ಕು ಚೀಟಿಗಳಲ್ಲಿ ಆಗದ್ದು ಇದರಲ್ಲೇಕೆ ಆಯಿತು? ಸೊಸೆ ಐದನ್ನೂ ಪಕ್ಕಪಕ್ಕದಲ್ಲಿಟ್ಟಳು. ಆಮೇಲೆ ವಾಪಸು ಬಂದ ಆರು ಚೀಟಿ ತರಿಸಿಕೊಂಡು ಅವುಗಳ ಪಕ್ಕಕ್ಕಿಟ್ಟಳು. ಸಾಲಿನ ಕೊನೆಯಲ್ಲಿ ಬರೆಯುವುದು ಆಕ್ಸಿಸ್. ಲೆನ್ಸನ್ನು ಎಷ್ಟು ಓರೆಯಾಗಿ ಕೂರಿಸಬೇಕು ಎನ್ನುವ ಡಿಗ್ರಿ ಅದು, ಒಂದರಿಂದ ನೂರ ಎಂಬತ್ತರವರೆಗೆ. ಸರಿಯಾಗಿದ್ದ ನಾಲ್ಕು ಚೀಟಿಗಳಲ್ಲಿ ಎರಡಕ್ಕೆ ಬಲಗಣ್ಣಿನ ಆಕ್ಸಿಸ್ಸೇ ಇರಲಿಲ್ಲ, ಇನ್ನೆರಡಕ್ಕೆ ತೊಂಬತ್ತು, ಎಪ್ಪತ್ತೈದು. ಕೆಟ್ಟ ಏಳು ಚೀಟಿಗಳಲ್ಲೂ ಬಲಗಣ್ಣಿನ ಆಕ್ಸಿಸ್ ನೂರ ಹತ್ತು, ನೂರ ಅರವತ್ತು, ನೂರ ಎಂಬತ್ತು, ಹೀಗೆ.

"ಮೂರಂಕಿ" ಎಂದರು ಇಬ್ಬರೂ, ಹೆಚ್ಚು ಕಡಿಮೆ ಒಟ್ಟಿಗೇ.

ಆಮೇಲಿನದನ್ನು ಸೊಸೆ ಬೆರಳಿಟ್ಟು ತೋರಿಸಿದಳು. "ಈ ಪರದೇಲಿ ಒಂದು ಸಾಲಿಗೆ ಎಂಬತ್ತು ಮನೆ ಅಂದ್ಕೊಳ್ಳಿ. ಒಂದು ಮನೆಗೆ ಒಂದು ಅಂಕಿ. ಆಕ್ಸಿಸ್ ಇರೋದು ಸಾಲಿನ ಕಟ್ಟಕಡೇಲಿ. ಎರಡಂಕಿ ಹೊಡೆದ್ರೆ ಎಪ್ಪತ್ತೊಂಬತ್ತನೇ ಮನೆಗೆ ಮುಗೀತು. ಮೂರಂಕಿ ಹೊಡೆದ್ರೆ ಎಂಬತ್ತನೇ ಮನೇನೂ ತುಂಬಿತು. ತುಂಬಿದ ಮೇಲೆ ಕರ್ಸರ್ ಎಲ್ಲಿ ಇರ್ಬೇಕು?"

"ಅಲ್ಲೇ."

"ನಿಮ್ಮ ಹಳೇ ಟರ್ಮಿನಲ್ ಅಲ್ಲೇ ಇರ್ತಿತ್ತು. ನೀವು ಎಂಟರ್ ಒತ್ತೋವರೆಗೆ ಕಾಯ್ತಿತ್ತು. ಇದಕ್ಕೆ ಆ ತಾಳ್ಮೆ ಇಲ್ಲ. ಮನೆ ತುಂಬಿದ ಕೂಡ್ಲೇ ತಾನೇ ಕೆಳಗಿನ ಸಾಲಿಗೆ ಇಳಿದುಬಿಡುತ್ತೆ. ಆಮೇಲೆ ನೀವು ಎಂಟರ್ ಒತ್ತಿದ್ರೆ ಇನ್ನೊಂದು ಸಾಲು. ಒಂದರ ಬದಲು ಎರಡು ಮೆಟ್ಲು ಇಳಿದ ಹಾಗೆ. ಆ ಹುಡುಗ ತೋರಿಸುವಾಗ ಯಾವ ಆಕ್ಸಿಸ್ ಹೊಡೆದಿದ್ದ?"

"ತೊಂಬತ್ತು."

"ಎಲ್ಲರೂ ತೊಂಬತ್ತೇ ಹೊಡೀತಾರೆ, ಸೋಮಾರಿಗಳು" ಎಂದಳು ಸೊಸೆ. ಅವಳ ದನಿಯಲ್ಲಿದ್ದ ಸಿಟ್ಟು ಅಕ್ಕನಿಗೆ ಬಹಳ ಇಷ್ಟವಾಯಿತು.

ಸೊಸೆ ಇನ್ನೇನೋ ಹುಡುಕುತ್ತಿದ್ದಳು. ಉಳಿಸಿಟ್ಟ ಎಂಟ್ರಿಗಳನ್ನು ತೆರೆದು, ವಾಪಸು ಬಂದ ಆರು ಜನರ ನಂಬರುಗಳನ್ನು ಪರದೆಯ ಮೇಲೆ ತಂದು, ಅದನ್ನು ಅತ್ತೆಯ ಕಡೆಗೆ ತಿರುಗಿಸಿದಳು.

"ಇಲ್ನೋಡಿ ಅತ್ತೆ. ಎಡಗಣ್ಣಿನ ಸಾಲು ಖಾಲಿ. ಅದರ ಕೆಳಗೆ ನೋಡಿ."

ಹಳೆಯ ಕನ್ನಡಕದ ಸಾಲಿನಲ್ಲಿ ಎಡಗಣ್ಣಿನ ನಂಬರುಗಳೆಲ್ಲ ಇದ್ದವು. ಪ್ಲಸ್ಸು ಮೈನಸ್ಸು, ಬಿಂದು, ಕೊನೆಯ ಸೊನ್ನೆಯವರೆಗೆ. ಅಕ್ಕ ಆರು ಚೀಟಿಗಳನ್ನೂ ಹಿಡಿದು ಒಂದೊಂದು ಅಂಕಿಯನ್ನೂ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ.

"ನಿಮ್ಮ ಕೈ ಏನನ್ನೂ ಬಿಟ್ಟಿಲ್ಲ" ಎಂದಳು ಸೊಸೆ. "ಎಲ್ಲಾ ಬರ್ದಿದೆ. ಒಂದು ಸಾಲು ಕೆಳಗಿದೆ, ಅಷ್ಟೇ."

ಅಕ್ಕನಿಗೆ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು, ಧೂಳು ಎಂದಳು, ಸೊಸೆ ಹೌದು ಬಹಳ ಧೂಳು ಎಂದಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ತಾಯಿಯ ಖಾಲಿ ಕಣ್ಣುಗಳು ಅಲ್ಲಿಂದ ಎದ್ದು ಹೋದವು.

ರಿಪೇರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಹೇಳಲು ನಾಚಿಕೆಯಾಗಬೇಕು. ಆ ಪರದೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಒಂದು ಪಟ್ಟಿಯಿತ್ತು. ಎಷ್ಟು ಸಾಲು, ಸಾಲಿಗೆ ಎಷ್ಟು ಮನೆ, ಕೊನೆಯ ಮನೆ ತುಂಬಿದರೆ ಏನು ಮಾಡಬೇಕು. ಕಂಪನಿಯ ಹುಡುಗ ಅದನ್ನು ತೆರೆದೇ ನೋಡಿರಲಿಲ್ಲ. ಸೊಸೆ ಒಂದು ಸಾಲು ಬದಲಿಸಿದಳು, ಉಳಿಸಿದಳು, ಪರದೆಯನ್ನು ಆರಿಸಿ ಹೊತ್ತಿಸಿದಳು. ಅಕ್ಕ ನೂರ ಎಂಬತ್ತು ಹೊಡೆದಳು. ಕರ್ಸರ್ ಎಂಬತ್ತನೆಯ ಮನೆಯಲ್ಲೇ ನಿಂತಿತು. ಎಂಟರ್ ಒತ್ತಿದಳು. ಎಡಗಣ್ಣಿನ ಸಾಲಿನ ಮೊದಲ ಮನೆಗೆ ಬಂತು.

"ಕರ್ಸರ್ ಸ್ವಲ್ಪ ದಪ್ಪ ಮಾಡ್ಲಾ? ಚೆನ್ನಾಗಿ ಕಾಣುತ್ತೆ."

"ನಾನು ನೋಡಿದ್ರೆ ತಾನೇ" ಎಂದಳು ಅಕ್ಕ. ಆಮೇಲೆ, "ಮಾಡು. ಇನ್ಮೇಲೆ ನೋಡ್ತೀನಿ" ಎಂದಳು.

ಅಲ್ಲಿಗೆ ಕಥೆ ಮುಗಿಸಿ ಇಬ್ಬರೂ ಬೀಗ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಅಕ್ಕನ ಸ್ವಭಾವ ಅಂಥದ್ದಲ್ಲ. ಬಲಗಣ್ಣಿಗೆ ಮೂರಂಕಿಯ ಆಕ್ಸಿಸ್ ಇರುವವರು ಊರಲ್ಲಿ ಆರೇ ಜನರೇ? ಅವಳು ಎಂಟು ದಿನದ ಚೀಟಿಗಳ ಕಟ್ಟು ಬಿಚ್ಚಿದಳು. ನೂರ ಅರವತ್ತರ ಸುಮಾರು. ಹೆಚ್ಚಿನವಕ್ಕೆ ಆಕ್ಸಿಸ್ಸೇ ಇರಲಿಲ್ಲ ಇಲ್ಲವೇ ಎರಡಂಕಿಯದಿತ್ತು, ಕೆಲವಕ್ಕೆ ಡಾಕ್ಟರೇ ಎರಡು ಚುಕ್ಕಿ ಇಟ್ಟಿದ್ದರು, ಅವುಗಳಿಂದ ಅಪಾಯವಿರಲಿಲ್ಲ. ಉಳಿದವನ್ನು ಒಂದು ಕಡೆ ಇಡುತ್ತ ಹೋದಳು. ಆರು ವಾಪಸು ಬಂದಿದ್ದವು. ಅವನ್ನು ಬಿಟ್ಟು ಇನ್ನೂ ಹದಿಮೂರು. ಹದಿಮೂರು ಜನ ಎಡಗಣ್ಣಿಗೆ ತಮ್ಮದಲ್ಲದ ಲೆನ್ಸ್ ಹಾಕಿಕೊಂಡು ಈ ಗಳಿಗೆಯಲ್ಲಿ ಎಲ್ಲೆಲ್ಲೋ ಓಡಾಡುತ್ತಿದ್ದರು.

ಅವರೇಕೆ ಬರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಕನ್ನಡಕ ತಲೆನೋವು ತಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ನಾಲ್ಕು ದಿನ ಹಾಕಿಕೊಳ್ಳಿ, ಅಭ್ಯಾಸವಾಗುತ್ತೆ. ಮೊನ್ನೆ ಫೋನಿನಲ್ಲಿ ಯಾರಿಗೋ ಅವಳೇ ಹಾಗೆ ಹೇಳಿದ್ದಳು.

ಹದಿಮೂರನೆಯ ಚೀಟಿಯ ಮೇಲೆ ಅವಳ ಕೈ ನಿಂತಿತು. ಬಲಕ್ಕೆ ನೂರ ಐದು, ಎಡಕ್ಕೆ ಎಪ್ಪತ್ತು. ಮೇಲೆ ಬರೆದಿದ್ದದ್ದು ಸೊಸೆಯ ಹೆಸರು. ಅಕ್ಕನೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಅವಳೇ ಫ್ರೇಮು ಆರಿಸಿ, ಅವಳೇ ಮಾಡಿಸಿಕೊಟ್ಟ ಕನ್ನಡಕ. ಅತ್ತೆಯ ಕಡೆಯಿಂದ ಮೊದಲ ಉಡುಗೊರೆ.

"ಇದನ್ನ ಹಾಕ್ಕೊಂಡ್ರೆ ನಿನಗೆ ಏನಾಗ್ತಿದೆ?" ಎಂದಳು.

ಸೊಸೆ ಚೀಟಿ ನೋಡಿದಳು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಸ್ವಲ್ಪ ತಲೆನೋವು. ನೆಲ ಒಂದು ಕಡೆ ಇಳಿಜಾರಿದ್ದ ಹಾಗೆ. ಅಭ್ಯಾಸ ಆಗುತ್ತೆ ಅಂದ್ಕೊಂಡೆ."

"ಎಷ್ಟು ದಿನದಿಂದ?"

"ಒಂಬತ್ತು."

"ಒಂಬತ್ತು ದಿನ. ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ಮೊದ್ಲು ನೀವು ಕೊಡಿಸಿದ್ದು ಅಂತ ಹೇಳ್ಲಿಲ್ಲ. ಆಮೇಲೆ ನೀವು ದಿನಾ ಮುಖ ಸಣ್ಣ ಮಾಡ್ಕೊಂಡು ಬರ್ತಿದ್ರಿ. ಇನ್ನೇನು ಹೇಳ್ಲಿ?"

ಅಕ್ಕ ಸೊಸೆಯ ಕೈಯಿಂದ ಕನ್ನಡಕ ತೆಗೆದುಕೊಂಡು ತನ್ನ ಚೀಲದೊಳಗೆ ಹಾಕಿಕೊಂಡಳು. ಹೊರಡುವಾಗ ಮೆಟ್ಟಿಲಿನ ಬಳಿ ಅವಳ ಕೈ ಹಿಡಿದುಕೊಂಡಳು, ಕನ್ನಡಕವಿಲ್ಲದವಳು ಎಡವಿಯಾಳೆಂದು. ಬಸ್ ನಿಲ್ದಾಣದವರೆಗೂ ಬಿಡಲಿಲ್ಲ. ದಾರಿ ಸಮನಾಗಿಯೇ ಇತ್ತು.

ಸೋಮವಾರ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡರು. ಪರದೆಯ ಮುಂದೆ ಬಗ್ಗಿ ನಿಂತು ತಾವೇ ನೂರ ಎಂಬತ್ತು ಹೊಡೆದು ನೋಡಿದರು. ಮೂರನೆಯ ಸಾಲಿನ ನಂಬರುಗಳನ್ನು ನೋಡಿದಾಗ ಅವರ ಮುಖ ಸಪ್ಪಗಾಯಿತು. "ತಪ್ಪು ತಿಳ್ಕೊಂಡೆ ಅಕ್ಕಾ" ಎಂದರು. ಮೀಟರಣ್ಣ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ವಯಸ್ಸಿನ ಮಾತು ಮತ್ತೆ ಬರಲಿಲ್ಲ.

"ಇನ್ನೂ ಹನ್ನೆರಡು ಜನ ಇದಾರೆ, ನನ್ನ ಸೊಸೆ ಬಿಟ್ಟು" ಎಂದಳು ಅಕ್ಕ.

ಯಜಮಾನರು ಚೀಟಿಗಳನ್ನು ತಿರುವಿದರು. "ಬಂದವರಿಗೆ ಬೇರೆ ಮಾಡಿಕೊಡೋಣ. ಬರದೇ ಇರೋರನ್ನ ನಾವಾಗಿ ಯಾಕೆ ಕೆಣಕೋದು? ಹೋಗಿ ಹೋಗಿ ನಾವೇ ಫೋನ್ ಮಾಡಿ ತಪ್ಪು ಲೆನ್ಸ್ ಕೊಟ್ಟಿದೀವಿ ಅಂದ್ರೆ ಅಂಗಡಿ ಹೆಸರೇನಾಗುತ್ತೆ?"

"ಅವರು ಬರಲ್ಲ."

"ತೊಂದ್ರೆ ಇದ್ರೆ ಬರ್ತಾರೆ."

"ಬರಲ್ಲ" ಎಂದಳು ಅವಳು, ದನಿಯೇರಿಸದೆ. "ತಪ್ಪು ಕನ್ನಡಕದ್ದು ಅಂತ ಗೊತ್ತಿದ್ರೆ ತಾನೇ ಬರೋದು. ತಮ್ಮದೇ ಏನೋ ಕೆಟ್ಟಿದೆ ಅಂದ್ಕೊಂಡು ಕೂತಿರ್ತಾರೆ. ನಾನು ಹಾಗೆ ಕೂತಿದ್ದೆ, ನೀವು ಕಾಫಿ ತರಿಸಿದ ದಿನ. ನನಗೆ ನನ್ನ ಸೊಸೆ ಇದ್ಲು."

ಅಂಗಡಿಯ ಮುಂಭಾಗದಲ್ಲಿ ಯಾರೋ ಫ್ರೇಮು ಹಾಕಿಕೊಂಡು ಕನ್ನಡಿ ನೋಡುತ್ತಿದ್ದರು. ಯಜಮಾನರು ಫೋನನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿ, "ಲೆನ್ಸ್ ಇವತ್ತೇ ಉಜ್ಜೋಕೆ ಹೇಳ್ತೀನಿ" ಎಂದು ಒಳಗೆ ಹೋದರು.

ಅವಳು ಒಬ್ಬೊಬ್ಬರಿಗೇ ಫೋನು ಮಾಡಿದಳು. ಒಬ್ಬ ಟೀಚರು ರೇಗಿದಳು, ರೇಗಲು ಹಕ್ಕಿತ್ತು, ಅಕ್ಕ ಪೂರ್ತಿ ಕೇಳಿದಳು. ಒಬ್ಬಾತ ಕನ್ನಡಕ ಹಾಕಿಕೊಂಡೇ ಇರಲಿಲ್ಲ, ಡಬ್ಬಿಯಲ್ಲಿ ಭದ್ರವಾಗಿದೆ ಎಂದ. ಇನ್ನೊಬ್ಬಳು, "ನೀವೇ ಅಲ್ವಾ ನಾಲ್ಕು ದಿನ ತಡ್ಕೊಳ್ಳಿ ಅಂದಿದ್ದು?" ಎಂದಳು. "ನಾನೇ" ಎಂದಳು ಅಕ್ಕ. "ತಡ್ಕೋಬೇಡಿ. ಬನ್ನಿ." ಹೀಗೆ ಒಂಬತ್ತಾಯಿತು. ಹತ್ತನೆಯ ಚೀಟಿಯವರು ಬಹಳ ಹೊತ್ತಿನ ಮೇಲೆ ಫೋನೆತ್ತಿದರು. ಒಣಗಿದ ಗಂಡುದನಿ.

ಅವಳು ಅಂಗಡಿಯ ಹೆಸರು ಹೇಳಿದಳು. "ನಿಮ್ಮ ಎಡಗಣ್ಣಿನ ಲೆನ್ಸ್ ತಪ್ಪಾಗಿದೆ. ಎಂಟ್ರಿ ಮಾಡೋವಾಗ ಆಗಿದ್ದು. ತಪ್ಪು ನಮ್ಮದು."

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು.

"ಕೇಳಿಸ್ತಾ?"

"ಲೆನ್ಸಾ?" ಎಂದಿತು ದನಿ.

"ಹೌದು. ಎಡಗಣ್ಣಿಂದು. ಅದನ್ನ ಹಾಕ್ಕೊಂಡ್ರೆ ನೆಟ್ಟಗಿರೋದು ವಾಲಿದ ಹಾಗೆ ಕಾಣ್ಬಹುದು."

"ನಾನು ಬೋರ್ಡ್ ಬರೆಯೋನು" ಎಂದಿತು ದನಿ ನಿಧಾನವಾಗಿ. "ಅಂಗಡಿಗಳ ಹೆಸರು, ಬಾಗಿಲ ಮೇಲಿನ ಅಕ್ಷರ. ನಲವತ್ತು ವರ್ಷದಿಂದ. ಸ್ಕೇಲ್ ಇಟ್ಟೋನಲ್ಲ ನಾನು, ಕೈಯಲ್ಲೇ ಗೆರೆ ಎಳೀತಿದ್ದೆ. ಹೋದ ವಾರ ಒಂದು ಬೋರ್ಡ್ ಬರೆದೆ. ನನಗೆ ನೆಟ್ಟಗೆ ಕಾಣ್ತು. ಬೋರ್ಡಿನವರು ಬಂದು ನೋಡಿ ನಕ್ಕುಬಿಟ್ರು. ಪೂರ್ತಿ ಒಂದು ಕಡೆ ಇಳಿದಿದೆ ಅಂದ್ರು. ನನ್ನ ಕೈ ಹೋಯ್ತು ಅಂದ್ಕೊಂಡೆ ಅಮ್ಮಾ. ಒಪ್ಕೊಂಡಿದ್ದ ಕೆಲ್ಸಾನೆಲ್ಲ ಬೇಡ ಅಂದ್ಬಿಟ್ಟೆ. ಮನೇಲಿ ಹೇಳಿಲ್ಲ. ಬ್ರಷ್ ತೊಳೆದು ಕಟ್ಟಿ ಮೇಲಿಟ್ಟಿದೀನಿ."

ಅಕ್ಕ ಅವನ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕೈಗೆ ಏನೂ ಆಗಿಲ್ಲ" ಎಂದಳು. "ನಿಮ್ಮ ಕೈ ಚೆನ್ನಾಗಿದೆ. ನನ್ನ ಮುಂದೇನೇ ನಿಮ್ಮ ಚೀಟಿ ಇದೆ, ನೋಡ್ಕೊಂಡು ಹೇಳ್ತಾ ಇದೀನಿ."

ಆ ಕಡೆ ದೂರದಲ್ಲಿ ಒಬ್ಬ ಹೆಂಗಸಿನ ದನಿ, ಯಾರಂತೆ ಎಂದು ಕೇಳಿತು. ಫೋನನ್ನು ಬಾಯಿಂದ ದೂರ ಸರಿಸುವುದನ್ನೂ ಮರೆತು ಆತ ಹೇಳಿದ.

"ನನ್ನ ಕೈ ಚೆನ್ನಾಗಿದೆಯಂತೆ ಕಣೇ."

ಮತ್ತೆ ಫೋನಿಗೆ ಬಂದು, "ಈಗ್ಲೇ ಬರ್ಬಹುದಾ?" ಎಂದು ಕೇಳಿದ.

"ಬನ್ನಿ. ಹಿಂದಿನ ಕೋಣೇಲಿ ಎಂಟ್ರಿ ಅಕ್ಕ ಎಲ್ಲಿ ಅಂತ ಕೇಳಿ, ನಾನು ಇಲ್ಲೇ ಇರ್ತೀನಿ" ಎಂದು ಅವಳು ಫೋನಿಟ್ಟಳು, ಅವನ ಚೀಟಿಯನ್ನು ಮುಂದಿಟ್ಟುಕೊಂಡು ಬಲಗಣ್ಣಿನಿಂದ ಹೊಡೆಯಲು ಶುರುಮಾಡಿದಳು.